ಚಿತ್ರದ ಬೀರು ಮತ್ತು ಕುಚ್ಚಿನಾಕೆ

ಕಳೆದ ವಾರ ನನ್ನ ಹೆಂಡತಿ ಅವಳ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಒಂದು ರೇಷ್ಮೆ ಸೀರೆಗೆ ಕುಚ್ಚು ಹಾಕಿಸಿಕೊಂಡು ಬಂದಳು. ಸೆರಗನ್ನು ನನ್ನ ಮುಂದೆ ಹರಡಿ "ಹೇಗಿದೆ ರೀ?" ಎಂದಳು. ಚೆನ್ನಾಗಿದೆ ಎಂದು ಹೇಳಿ ಮತ್ತೆ ಪೇಪರಿನಲ್ಲಿ ತಲೆ ಹುದುಗಿಸಬೇಕಾಗಿದ್ದ ನಾನು ಕನ್ನಡಕ ಏರಿಸಿಕೊಂಡು ಕುಚ್ಚುಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಸೆರಗಿನ ಅರ್ಧದವರೆಗೆ ಗಂಟುಗಳು ಬಿಗಿಯಾಗಿದ್ದವು, ಅಲ್ಲಿಂದಾಚೆಗೆ ಕೂದಲೆಳೆಯಷ್ಟು ಸಡಿಲ. "ಇದನ್ನ ಇಬ್ರು ಹಾಕಿದಾರೆ ಕಣೇ" ಎಂದೆ. "ನಿಮ್ಗೆ ಯಾವಾಗ ಬಂತು ಈ ವಿದ್ಯೆ?" ಎಂದು ನಕ್ಕು ಅವಳು ಸೀರೆ ಮಡಿಸಿಕೊಂಡು ಒಳಗೆ ಹೋದಳು. ಹೊಸ ರೇಷ್ಮೆ ದಾರದ ವಾಸನೆ ನನ್ನ ಬೆರಳಲ್ಲಿ ಉಳಿದಿತ್ತು. ಅದೇ ವಾಸನೆ... ಲೈಬ್ರರಿಯ ಮೇಜಿನ ಎದುರು ಬದಿಯಿಂದ ಬರುತ್ತಿದ್ದದ್ದು. ಆ ವಿದ್ಯೆಯೂ ಅಲ್ಲಿಂದಲೇ ಬಂದದ್ದು. ಕಲಿಯಬೇಕೆಂದು ಕಲಿತದ್ದಲ್ಲ, ಹೊಟ್ಟೆ ಉರಿದುಕೊಂಡು ಕಲಿತದ್ದು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಡ್ರಾಯಿಂಗ್ ಮೇಷ್ಟ್ರ ಪಾಡು ಏನೆಂದು ಶಾಲೆ ಓದಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಣಿತದ ಪೋರ್ಷನ್ ಮುಗಿಯಲಿಲ್ಲವೆಂದರೆ ನನ್ನ ಪೀರಿಯಡ್ ಗಣಿತಕ್ಕೆ. ವಿಜ್ಞಾನದ ಟೆಸ್ಟ್ ಇದ್ದರೆ ಅದೂ ನನ್ನ ಪೀರಿಯಡ್ಡಿನಲ್ಲೇ. ಸ್ಕೂಲ್ ಡೇ ಹತ್ತಿರ ಬಂದಾಗ ಮಾತ್ರ ಇಡೀ ಶಾಲೆಗೆ ನನ್ನ ನೆನಪಾಗುತ್ತಿತ್ತು. ಬ್ಯಾನರ್ ಬರೆಯಬೇಕು, ಸ್ಟೇಜಿನ ಪರದೆ ಬರೆಯಬೇಕು, ಅತಿಥಿಗಳ ಹೆಸರನ್ನು ಥರ್ಮೋಕೋಲಿನಲ್ಲಿ ಕತ್ತರಿಸಬೇಕು. ಅದು ಮುಗಿದ ಮರುದಿನ ನಾನು ಯಾರೋ, ಅವರು ಯಾರೋ.

ಇಂಥವನಿಗೆ ವಿಜಯನಗರದ ನಮ್ಮ ಲೈಬ್ರರಿಯಲ್ಲಿ ಒಂದು ಗಾಜಿನ ಬೀರು ಸಿಕ್ಕಿತ್ತು. ಕೆಳಗೆ ಪೇಪರ್ ಓದುವವರು, ಮೇಲೆ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು, ಅವರ ಆಚೆ ಕಿಟಕಿಯ ಪಕ್ಕದ ಮೂಲೆಯಲ್ಲಿ ಈ ಬೀರು. ಅದರ ತುಂಬ ಚಿತ್ರಕಲೆ, ಶಿಲ್ಪ, ನೇಯ್ಗೆಯ ದೊಡ್ಡ ದೊಡ್ಡ ಪುಸ್ತಕಗಳು. ಮನೆಗೆ ಕೊಡುತ್ತಿರಲಿಲ್ಲ. ಲೈಬ್ರರಿ ಮೇಡಂ ಹತ್ತಿರ ಕೀಲಿಕೈ ಇಸಿದುಕೊಂಡು, ರಿಜಿಸ್ಟರಿನಲ್ಲಿ ಸಹಿ ಮಾಡಿ, ಅಲ್ಲೇ ಮೇಜಿನ ಮೇಲೆ ಇಟ್ಟುಕೊಂಡು ನೋಡಬೇಕು. ಎಷ್ಟೋ ವರ್ಷ ಆ ರಿಜಿಸ್ಟರಿನಲ್ಲಿ ಪುಟದ ಮೇಲೆ ಪುಟ ನನ್ನ ಸಹಿಯೊಂದೇ ಇತ್ತು. ನಾನು ಮೆಟ್ಟಿಲು ಹತ್ತಿ ಬರುವುದು ಕಂಡರೆ ಸಾಕು, ಮೇಡಂ ತಲೆ ಎತ್ತದೆ ಡ್ರಾಯರಿನಿಂದ ಕೀಲಿಕೈ ತೆಗೆದು ಮುಂದೆ ತಳ್ಳುತ್ತಿದ್ದರು. "ನಿಮ್ಮ ಬೀರು ಸಾರ್" ಎನ್ನುತ್ತಿದ್ದರು. ಆ 'ನಿಮ್ಮ' ಎಂಬ ಮಾತಿಗಾಗಿಯೇ ನಾನು ಎಷ್ಟೋ ಸಲ ಬಿಸಿಲಲ್ಲಿ ನಡೆದು ಬಂದಿದ್ದೇನೆ. ರಿಟೈರಾದ ಮೇಲಂತೂ ದಿನಾ.

ಆಗ ಬಂದಳು ಆಕೆ. ಮೆಟ್ರೋ ಓಡಲು ಶುರುವಾದ ಹೊಸತು. ಮಧ್ಯಾಹ್ನ ಮೂರರ ಹೊತ್ತು, ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬೀರುವಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. ಸೀರೆಯ ಮೇಲೆ ಅಲ್ಲಲ್ಲಿ ಬಣ್ಣದ ದಾರದ ತುಣುಕುಗಳು ಅಂಟಿದ್ದವು. ನನ್ನ ಕಡೆ ತಿರುಗಿ, "ಇವನ್ನ ನೋಡಾಕ ಕೊಡ್ತಾರೇನ್ರಿ ಸರ?" ಎಂದು ಕೇಳಿದಳು. ಉತ್ತರ ಕರ್ನಾಟಕದ ಕಡೆಯವಳು ಎಂದು ಗೊತ್ತಾಯಿತು.

"ಅವೆಲ್ಲ ಇಂಗ್ಲಿಷ್ ಬುಕ್ಕಮ್ಮ" ಎಂದೆ.

"ಚಿತ್ರಾನೂ ಇಂಗ್ಲಿಷಿನ್ಯಾಗ ಇರ್ತಾವೇನ್ರಿ?"

ಕುಹಕದಿಂದ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಆದರೆ ಮೇಡಂ ತಮ್ಮ ಜಾಗದಲ್ಲಿ ಕೂತೇ ಗೊಳ್ಳನೆ ನಕ್ಕರು. ನಕ್ಕವರು ಎದ್ದು ಬಂದು ತಾವೇ ಬೀರು ತೆಗೆದು ಕೊಟ್ಟರು. ನನಗೆ ಒಂದು ದಿನವೂ ಹಾಗೆ ಎದ್ದು ಬಂದು ತೆಗೆದುಕೊಟ್ಟವರಲ್ಲ. ನೋಡಿ, ಮೊದಲ ದಿನದಿಂದಲೇ ನನ್ನ ಲೆಕ್ಕ ಶುರುವಾಗಿತ್ತು.

ಆಕೆ ಗದಗಿನ ಕಡೆಯಿಂದ ಬಂದು ಚಂದ್ರಾ ಲೇಔಟಿನಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದಳು. ಸುತ್ತಲಿನ ಟೈಲರ್ ಅಂಗಡಿಗಳಿಗೆ ಸೀರೆ ಕುಚ್ಚು ಕಟ್ಟಿಕೊಡುವುದು ಕೆಲಸ. ಇಲ್ಲಿಯ ಹೆಂಗಸರು ದಿನಕ್ಕೊಂದು ಹೊಸ ಬಣ್ಣದ ಜೋಡಿ ಕೇಳುತ್ತಾರೆ, ತನಗೆ ಗೊತ್ತಿದ್ದದ್ದೆಲ್ಲ ತೀರಿಹೋಯಿತು, ಅದಕ್ಕೆ ಬಣ್ಣ ನೋಡಲು ಬಂದೆ ಎಂದಳು. ಮಕ್ಕಳು ಸ್ಕೂಲಿನಿಂದ ಬರುವುದರೊಳಗೆ ವಾಪಸಾಗಬೇಕು. ಪುಸ್ತಕ ಮುಟ್ಟುವ ಮೊದಲು ನಲ್ಲಿಯಲ್ಲಿ ಕೈ ತೊಳೆದು, ಬ್ಯಾಗಿನಿಂದ ಒಂದು ಬಿಳಿ ಬಟ್ಟೆ ತೆಗೆದು ಒರೆಸಿಕೊಳ್ಳುವಳು. ರೇಷ್ಮೆ ಮುಟ್ಟುವವರ ಅಭ್ಯಾಸವಂತೆ. ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಕೈ ತೊಳೆದು ಆ ಪುಸ್ತಕಗಳನ್ನು ಮುಟ್ಟಿದವನಲ್ಲ. ಎದುರಿನ ದರ್ಶಿನಿ ಹೋಟೆಲಿನಲ್ಲಿ ಬೋಂಡಾ ತಿಂದು ನೇರ ಬರುತ್ತಿದ್ದವನು.

ಮೊದಲ ಒಂದೆರಡು ವಾರ ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ರಿಟೈರಾದ ಮೇಷ್ಟ್ರಿಗೆ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳಲ್ಲ. ದೂರದ್ದು ಸಣ್ಣದಾಗಿ, ಹತ್ತಿರದ್ದು ದೊಡ್ಡದಾಗಿ ಬರೆಯುವುದು ಹೇಗೆ, ನೆರಳು ಯಾವ ಕಡೆ ಬೀಳಬೇಕು, ಎಲ್ಲ ಹೇಳಿದೆ. "ಹೌದೇನ್ರಿ ಸರ" ಎಂದು ಕೇಳಿಸಿಕೊಳ್ಳುವಳು. ಒಂದು ದಿನ ಆಕೆ, ಪುಟದ ಮೇಲೆ ಬಟರ್ ಪೇಪರ್ ಇಟ್ಟು ಗೆರೆ ತೆಗೆದುಕೊಳ್ಳಬಹುದೇ ಎಂದು ಮೇಡಮ್ಮನ್ನು ಕೇಳಿದಳು. ಅವರು ಬಾಯಿ ತೆರೆಯುವ ಮೊದಲೇ ನಾನು ದೊಡ್ಡ ಭಾಷಣ ಬಿಗಿದೆ. ಟ್ರೇಸ್ ಮಾಡಿದರೆ ಪೆನ್ಸಿಲಿನ ಒತ್ತು ಕೆಳಗಿನ ಪುಟಕ್ಕೆ ಬೀಳುತ್ತದೆ, ಚಿತ್ರ ಹಾಳಾಗುತ್ತದೆ, ಇಂಥ ಪುಸ್ತಕಕ್ಕೆ ಹಾಗೆ ಮಾಡುವುದು ಪಾಪ ಎಂದೆಲ್ಲ. ಆಕೆ ನಾಲಿಗೆ ಕಚ್ಚಿಕೊಂಡಳು. ಅಂದಿನಿಂದ ಒಂದು ರೂಲ್ಡ್ ನೋಟ್‌ಬುಕ್ಕಿನಲ್ಲಿ ಕಣ್ಣಳತೆಯಲ್ಲೇ ಬರೆದುಕೊಳ್ಳತೊಡಗಿದಳು.

ಒಂದು ಗಂಟೆಯಲ್ಲಿ ನಾನು ಮೂವತ್ತು ಪುಟ ತಿರುಗಿಸಿದರೆ ಆಕೆ ಮೂರು. ನೋಡುತ್ತಾ ಕೂರುವಳು, ಸುಮ್ಮನೆ. ಅಲ್ಲಿ ಹಳೆಯ ದೇವಸ್ಥಾನವೊಂದರ ಚಾವಣಿಯ ಚಿತ್ರಗಳ ಪುಸ್ತಕವಿತ್ತು. ನನಗೆ ಬಹಳ ಪ್ರಿಯವಾದದ್ದು, ಇಪ್ಪತ್ತು ವರ್ಷದಿಂದ ನೋಡುತ್ತಾ ಬಂದದ್ದು. ಅದರಲ್ಲಿ ಹೆಂಗಸರ ಒಂದು ಮೆರವಣಿಗೆ ಎರಡು ಪುಟಗಳ ಉದ್ದಕ್ಕೂ ಇತ್ತು. ಆಕೆ ಅದನ್ನು ನೋಡುತ್ತಾ ನೋಡುತ್ತಾ ಒಂದು ಕಡೆ ಬೆರಳು ತೋರಿಸಿದಳು, ಪುಟಕ್ಕೆ ತಾಗಿಸದೆ.

"ಸರ, ಇಲ್ಲಿ ತನಾ ಒಬ್ಬಾಂವ ಬರದಾನ್ರಿ. ಇಲ್ಲಿಂದ ಕೈ ಬ್ಯಾರೆ ಐತಿ."

ನಾನು ನಕ್ಕುಬಿಟ್ಟೆ. ಆಕೆ ಬೇಸರಪಟ್ಟುಕೊಳ್ಳದೆ ವಿವರಿಸಿದಳು. ಮದುವೆ ಸೀಸನ್ನಿನಲ್ಲಿ ಒಂದೇ ಸೀರೆಗೆ ಇಬ್ಬರು ಕೂತು ಕುಚ್ಚು ಕಟ್ಟುತ್ತಾರೆ. ಸೀರೆ ಉಟ್ಟವರಿಗೆ ತಿಳಿಯುವುದಿಲ್ಲ, ಕಟ್ಟಿದವರಿಗೆ ತಿಳಿಯುತ್ತದೆ, ಪ್ರತಿಯೊಬ್ಬರೂ ಗಂಟು ಎಳೆದು ಬಿಡುವ ರೀತಿ ಬೇರೆ. ಇಲ್ಲಿ ಹೆಂಗಸರ ಬೆರಳ ತುದಿ ನೋಡಿ, ಈತ ಗೆರೆಯನ್ನು ತಟಕ್ಕನೆ ಬಿಡುತ್ತಾನೆ, ಆತ ಎಳೆದು ಬಿಡುತ್ತಾನೆ ಎಂದಳು. ನಾನು ನೋಡಿದೆ. ನನಗೆ ಏನೂ ಕಾಣಲಿಲ್ಲ. ಆಕೆ ಹೋದ ಮೇಲೆ ಪುಸ್ತಕದ ಕೊನೆಯಲ್ಲಿದ್ದ ಇಂಗ್ಲಿಷ್ ಟಿಪ್ಪಣಿಗಳನ್ನು ಮೊದಲ ಬಾರಿಗೆ ಗಮನವಿಟ್ಟು ಓದಿದೆ. ಆ ಮೆರವಣಿಗೆಯನ್ನು ಇಬ್ಬರು ಚಿತ್ರಿಸಿದ್ದಾರೆ ಎಂದು ಬರೆದಿತ್ತು. ಎಲ್ಲಿ ಕೈ ಬದಲಾಗಿದೆ ಎಂಬುದನ್ನೂ ಹೇಳಿತ್ತು. ಆಕೆ ತೋರಿಸಿದ ಜಾಗವೇ.

ಮರುದಿನ ಇದನ್ನು ಆಕೆಗೆ ಹೇಳಬಹುದಿತ್ತು. ಹೇಳಿದ್ದರೆ ಆ ಮುಖ ಎಷ್ಟು ಅರಳುತ್ತಿತ್ತೋ... ಹೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ಆ ದಿನ ಹತ್ತಿಕೊಂಡದ್ದು ಶುದ್ಧ ಕಿಚ್ಚು. ಡಿಪ್ಲೊಮಾ ಮಾಡಿದವನು ನಾನು, ಜೀವಮಾನವೆಲ್ಲ ಬ್ರಷ್ ಹಿಡಿದವನು ನಾನು, ಆ ಬೀರು ನನ್ನದು. ದೇವರು ಆ ಕಣ್ಣನ್ನು ಕೊಟ್ಟದ್ದು ಮಾತ್ರ ಕುಚ್ಚು ಕಟ್ಟುವವಳಿಗೆ.

ಆಮೇಲೆ ನಾನು ಮಾಡಿದ ಸಣ್ಣತನಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಆಕೆಗಿಂತ ಮೊದಲೇ ಬಂದು ಚಾವಣಿಯ ಪುಸ್ತಕವನ್ನು ತೆಗೆದಿಟ್ಟುಕೊಳ್ಳುತ್ತಿದ್ದೆ. ನೋಡುತ್ತಿರಲಿಲ್ಲ, ಕೈ ಊರಿಕೊಂಡು ಕೂರುತ್ತಿದ್ದೆ ಅಷ್ಟೆ. ಆಕೆ "ನೋಡ್ರಿ ಸರ, ನೋಡ್ರಿ" ಎಂದು ಬೇರೆ ಪುಸ್ತಕ ತೆಗೆದುಕೊಂಡು ಅದರಲ್ಲೂ ಏನಾದರೊಂದು ಕಂಡುಹಿಡಿಯುವಳು. ಮೇಡಂ ಈಗ ಆಕೆಯ ಕುರ್ಚಿಯ ಹಿಂದೆ ಬಂದು ನಿಂತು "ಇವತ್ತೇನ್ ಕಾಣಿಸ್ತು?" ಎಂದು ಕೇಳತೊಡಗಿದ್ದರು. ನನ್ನನ್ನು ಯಾರೂ ಯಾವತ್ತೂ ಹಾಗೆ ಕೇಳಿರಲಿಲ್ಲ. ಒಂದು ದಿನ ತಡೆಯಲಾರದೆ ನಾನು ಬರೆದ ಒಂದು ವಾಟರ್ ಕಲರ್ ಚಿತ್ರವನ್ನು ಫೈಲಿನಲ್ಲಿಟ್ಟು ತಂದು ಆಕೆಯ ಮುಂದಿಟ್ಟೆ. ಕೊಡ ಹೊತ್ತ ಹೆಣ್ಣು. ನಮ್ಮ ಹಾಲ್‌ನಲ್ಲಿ ತೂಗುಹಾಕಿದ್ದನ್ನು ಚೌಕಟ್ಟಿನಿಂದ ಬಿಚ್ಚಿ ತಂದದ್ದು, ಬಂದವರೆಲ್ಲ ಹೊಗಳಿದ್ದು. ಆಕೆ ತುಂಬ ಹೊತ್ತು ನೋಡಿ, ಬಹಳ ಮೆತ್ತಗೆ, "ಇದು ಯಾರ್ದರೆ ಚಿತ್ರ ನೋಡಿ ಬರದದ್ದೇನ್ರಿ ಸರ?" ಎಂದಳು. ಹೌದು, ಒಂದು ಕ್ಯಾಲೆಂಡರ್ ನೋಡಿ ಬರೆದಿದ್ದೆ. ಇಲ್ಲ ಎಂದೆ. ಆಕೆ ಚಿತ್ರವನ್ನು ಜೋಪಾನವಾಗಿ ಫೈಲಿಗೆ ಸೇರಿಸಿ ನನ್ನ ಕಡೆ ಸರಿಸಿದಳು.

ಆ ವರ್ಷ ಲೈಬ್ರರಿಯ ಸ್ಟಾಕ್ ವೆರಿಫಿಕೇಶನ್ ಬಂತು. ಬೀರುವಿನ ಪುಸ್ತಕಗಳನ್ನೆಲ್ಲ ಹೊರಗಿಟ್ಟು ಪುಟ ಪುಟವನ್ನೂ ತಾಳೆ ನೋಡುವ ಕೆಲಸ. ಬ್ಲೇಡಿನಿಂದ ಚಿತ್ರ ಕತ್ತರಿಸಿಕೊಂಡು ಹೋಗುವವರು ಇರುತ್ತಾರಲ್ಲ, ಅದಕ್ಕೆ ಮೇಡಂ ಒಂದೊಂದು ಚಿತ್ರವನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದರು. ಹಾಗೆ ಓರೆಯಾಗಿ ಹಿಡಿದಾಗ ಚಾವಣಿಯ ಪುಸ್ತಕದ ಒಂದು ಪುಟದಲ್ಲಿ ಕಂಡಿತು. ಕನ್ನಡಿ ನೋಡಿಕೊಳ್ಳುವ ಹೆಣ್ಣಿನ ಮೈಯ ಸುತ್ತ, ಮುಖದ ಸುತ್ತ, ಪೆನ್ಸಿಲಿನ ಒತ್ತಿನಿಂದ ಬಿದ್ದ ಗೆರೆಗಳು. ಯಾರೋ ಬಟರ್ ಪೇಪರ್ ಇಟ್ಟು ಟ್ರೇಸ್ ಮಾಡಿದ್ದರು.

ಆ ಯಾರೋ ನಾನೇ. ಹಿಂದೆಂದೋ ಒಂದು ಸ್ಕೂಲ್ ಡೇಗೆ ಪರದೆ ಬರೆಯಬೇಕಿತ್ತು, ಕೈಯಲ್ಲಿ ಮೂರೇ ದಿನ ಇತ್ತು. ಆಗ ಈ ಮೇಡಂ ಇನ್ನೂ ಇಲ್ಲಿಗೆ ಬಂದಿರಲಿಲ್ಲ. ಅವಸರದಲ್ಲಿ ಒತ್ತಿ ಎಳೆದಿದ್ದೆ. ನೇರ ಬೆಳಕಿನಲ್ಲಿ ಏನೂ ಕಾಣುತ್ತಿರಲಿಲ್ಲ, ಕ್ರಮೇಣ ನನಗೂ ಮರೆತುಹೋಗಿತ್ತು.

ಮಧ್ಯಾಹ್ನ ಆಕೆ ಬಂದಾಗ ನಾನು ಅಲ್ಲೇ ಇದ್ದೆ. ಮೇಡಂ ಪುಸ್ತಕ ತೆರೆದು ಆಕೆಯ ಮುಂದಿಟ್ಟರು. "ಏನ್ರೀ ಇದು? ಬೇಡ ಅಂದಿದ್ವಲ್ಲ?"

ಆಕೆ ಪುಟವನ್ನು ಬೆಳಕಿಗೆ ಓರೆಯಾಗಿ ತಿರುಗಿಸಿದಳು. ನೋಡಿದಳು. ಅದೇ ಆಕೆಯ ನೋಟ, ಅವಸರವಿಲ್ಲದ್ದು. ಹಣೆಯಿಂದ ಮೂಗಿಗೆ, ಮೂಗಿನಿಂದ ಗದ್ದಕ್ಕೆ ಆ ಕಣ್ಣು ಇಳಿಯುತ್ತಾ ಹೋದದ್ದನ್ನು ನಾನು ಕಂಡೆ. ಆಮೇಲೆ, "ನಾ ಮಾಡಿಲ್ರಿ ಮೇಡಮ್ಮರ" ಎಂದಳು.

"ಮತ್ತ್ಯಾರು? ಈ ಬೀರು ಮುಟ್ಟೋರು ನೀವಿಬ್ರೇ. ಮೇಷ್ಟ್ರು ಮಾಡ್ತಾರಾ? ಅವ್ರೇ ಅವತ್ತು ನಿಮ್ಗೆ ಪಾಠ ಹೇಳಿದ್ರಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಒಂದೇ ಒಂದು ಮಾತು ಸಾಕಿತ್ತು. 'ಅದು ನಾನು ಮಾಡಿದ್ದು ಮೇಡಂ, ಬಹಳ ವರ್ಷವಾಯ್ತು.' ಮೇಡಂ ಎರಡು ಮಾತು ಬಯ್ಯುತ್ತಿದ್ದರು, ಅಷ್ಟೆ. ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿರಲಿಲ್ಲ. ನನಗೆ ಒಳಗೊಳಗೆ ಒಂದು ಸಮಾಧಾನವಾಗುತ್ತಿತ್ತು. ಈಕೆ ಹೋಗುತ್ತಾಳೆ, ಬೀರು ಮತ್ತೆ ನನ್ನದಾಗುತ್ತದೆ ಎಂದು.

ಆಕೆ ನನ್ನ ಕಡೆ ನೋಡಿದಳು. ಆಕೆಗೆ ಗೊತ್ತಾಗಿತ್ತು. ಆ ನೋಟದಲ್ಲಿ ಗೊತ್ತಾಗಿದ್ದು ಸ್ಪಷ್ಟವಾಗಿತ್ತು. ಆದರೆ ಮೇಡಂ ಕಡೆ ತಿರುಗಿ, "ಸರ ಹಂಗ ಮಾಡೋರಲ್ರಿ" ಎಂದಳು.

ಮೇಡಂ ರಿಜಿಸ್ಟರ್ ಮುಚ್ಚಿದರು. ಇನ್ನು ಮೇಲೆ ಬೀರುವಿನ ಪುಸ್ತಕ ಕೊಡಲಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಆಕೆಯೂ ಬೇಜಾರು ತೋರಿಸದೆ ಬ್ಯಾಗ್ ಎತ್ತಿಕೊಂಡಳು. ನಾನು ಯಾಕೋ ಹಿಂದೆಯೇ ಮೆಟ್ಟಿಲಿಳಿದು ಹೋದೆ. ಮೆಟ್ಟಿಲ ಕೆಳಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಆಕೆ ಹೇಳಿದಳು:

"ಸರ, ಗದ್ದದ ಕೆಳಗ ಗೆರಿ ಮುಗಸುವಾಗ ಸಣ್ಣ ಕೊಕ್ಕಿ ಹಾಕ್ತೀರಿ. ಅವತ್ತಿನ ನಿಮ್ಮ ಚಿತ್ರದಾಗೂ ಇತ್ತು."

ನಾನು ನನ್ನ ಚಪ್ಪಲಿ ಹುಡುಕುವವನಂತೆ ಬಗ್ಗಿದೆ.

"ಆದ್ರ ಮೂಗಿನ ಗೆರಿ ಭಾಳ ಚಲೋ ಬಂದೈತ್ರಿ. ಅಲ್ಲಿ ನೀವು ಕೆಳಗಿನ ಚಿತ್ರ ಬಿಟ್ಟೀರಿ, ನಿಮ್ಮ ಗೆರಿ ನೀವ ಎಳದೀರಿ. ಅದಕ್ಕಿಂತ ಚಲೋ ಐತಿ."

ಅಷ್ಟು ಹೇಳಿ ರಸ್ತೆ ದಾಟಿ ಚಂದ್ರಾ ಲೇಔಟಿನ ಬಸ್ಸಿಗೆ ನಿಂತಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಜೀವಮಾನದಲ್ಲಿ ನನ್ನ ಕೈಯ ಗೆರೆಯೊಂದನ್ನು ನಿಜವಾಗಿ ನೋಡಿ ಚೆನ್ನಾಗಿದೆ ಎಂದವರು ಯಾರೂ ಇರಲಿಲ್ಲ. ಹೇಳಿದವಳು ಆಕೆ, ಅದೂ ಆ ಗಳಿಗೆಯಲ್ಲಿ. ಅಂಥ ಹೊತ್ತಿನಲ್ಲೂ ಹಾಗೆ ನೋಡಬಲ್ಲ ಮನಸ್ಸು ನನಗಿಲ್ಲವಲ್ಲ ಎಂದು ಅಲ್ಲಿ ಫುಟ್‌ಪಾತಿನ ಮೇಲೆ ನಿಂತೇ ಮತ್ತೆ ಹೊಟ್ಟೆ ಉರಿಯಿತು. ಮೊದಲು ಆಕೆಯ ಕಣ್ಣಿನ ಮೇಲೆ ಇದ್ದ ಮತ್ಸರ ಈಗ ಆಕೆಯ ಗುಣದ ಮೇಲೂ.

ಆಕೆ ಮತ್ತೆ ಬರಲಿಲ್ಲ. ಮೇಡಂ ಒಂದೆರಡು ಸಲ "ಪಾಪ, ಕೇಳಿದ್ರೆ ಬೇರೆ ಬುಕ್ ಆದ್ರೂ ಕೊಡ್ತಿದ್ದೆ" ಎಂದರು. ಆಗಲೂ ಬಾಯಿ ಬಿಡಲಿಲ್ಲ ನಾನು. ಬೀರು ನನ್ನದಾಯಿತು. ಕೀಲಿಕೈ ಮೊದಲಿನಂತೆಯೇ ಮೇಜಿನ ಮೇಲೆ ಜಾರಿ ಬರುತ್ತಿತ್ತು. ಪುಟ ತಿರುಗಿಸುತ್ತಾ ಒಂದೊಂದು ಕಡೆ ನನ್ನ ಕಣ್ಣು ತಾನಾಗಿ ನಿಲ್ಲುತ್ತಿತ್ತು, ಇಲ್ಲಿ ಕೈ ಬದಲಾಗಿದೆಯೇ ಎಂದು. ಕೆಲವು ಸಲ ನಿಜಕ್ಕೂ ಕಾಣುತ್ತಿತ್ತು. ತಲೆ ಎತ್ತಿದರೆ ಎದುರಿನ ಕುರ್ಚಿಯಲ್ಲಿ ಯಾರಾದರೂ ಹುಡುಗ ಪರೀಕ್ಷೆಗೆ ಓದುತ್ತಾ ಕೂತಿರುತ್ತಿದ್ದ.

ಒಂದೂವರೆ ವರ್ಷದ ಮೇಲೆ ಧೈರ್ಯ ಮಾಡಿ ಚಂದ್ರಾ ಲೇಔಟಿಗೆ ಹೋದೆ. ಟೈಲರ್ ಅಂಗಡಿಯವರನ್ನು ಕೇಳಿ ಮನೆ ಪತ್ತೆ ಮಾಡಿದೆ. ಮನೆ ಓನರ್ ಆಂಟಿ ಗೇಟಿನಿಂದಲೇ, "ಅವ್ರು ಖಾಲಿ ಮಾಡಿ ಆಗ್ಲೇ ಎಂಟ್ ತಿಂಗ್ಳಾಯ್ತು. ಕೆಂಗೇರಿ ಕಡೆ ಹೋದ್ರು ಅನ್ಸತ್ತೆ" ಎಂದರು. ಫೋನ್ ನಂಬರ್ ಇದೆಯಾ ಎಂದು ನಾನು ಕೇಳಲಿಲ್ಲ. ಅವರು ಕೊಟ್ಟುಬಿಟ್ಟರೆ ಎಂಬ ಭಯವಿತ್ತು. ಮುಂದೆ ಮೆಟ್ರೋ ಕೆಂಗೇರಿಯವರೆಗೂ ಹೋಯಿತು. ವಿಜಯನಗರದಲ್ಲಿ ಹತ್ತಿದರೆ ಎಷ್ಟು ಹೊತ್ತಿನ ದಾರಿ? ನಾನು ಹೋಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ನನ್ನ ಮಾನವಲ್ಲ, ಆಕೆಯದು, ಹಾಗಾಗಿ ಅದು ಅಷ್ಟು ದಿನ ನನಗೆ ಭಾರವಾಗಲೇ ಇಲ್ಲ.

ಸೀರೆಯ ಕುಚ್ಚು ನೋಡಿದ ಮರುದಿನ ಬೆಳಿಗ್ಗೆ ಲೈಬ್ರರಿಗೆ ಹೋದೆ. ಮೊಣಕಾಲು ನೋವಿನಿಂದಾಗಿ ವರ್ಷದಿಂದ ಹೋಗಿರಲಿಲ್ಲ. ಹಳೆಯ ಮೇಡಂ ರಿಟೈರಾಗಿ, ಆ ಜಾಗದಲ್ಲಿ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಕಂಪ್ಯೂಟರ್ ಮುಂದೆ ಕೂತಿದ್ದಳು. ನಾನು ಹೇಳಬೇಕಾದ್ದನ್ನು ಮೆಟ್ಟಿಲು ಹತ್ತುವಾಗಲೇ ಜೋಡಿಸಿಕೊಂಡು ಬಂದಿದ್ದೆ. ಚಾವಣಿ ಚಿತ್ರದ ಪುಸ್ತಕ ಬೇಕಿತ್ತು ಎಂದೆ. ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, "ಅದು ಇಲ್ಲ ಸಾರ್. ಹುಳ ಬಿದ್ದಿತ್ತಂತೆ, ಲಿಸ್ಟಿಂದ ತೆಗ್ದ್‌ಬಿಟ್ಟಿದಾರೆ" ಎಂದಳು.

ನಾನು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತೆ. ತಪ್ಪು ಒಪ್ಪಿಕೊಳ್ಳಲು ಬಂದವನಿಗೆ ತಪ್ಪಿನ ಗುರುತೇ ಇಲ್ಲದಂತಾಗಿತ್ತು. ಆ ಮೂಗಿನ ಗೆರೆಯೂ ಹೋಯಿತು. ಅದನ್ನು ನೋಡಿದವಳು ಒಬ್ಬಳೇ. ಆಕೆ ಎಲ್ಲಿದ್ದಾಳೋ, ಹೇಗಿದ್ದಾಳೋ, ಇದ್ದಾಳೋ... ಆದರೂ ಹುಡುಗಿಗೆ ಹೇಳಿದೆ, "ಆ ಪುಸ್ತಕ ಟ್ರೇಸ್ ಮಾಡಿ ಹಾಳ್ ಮಾಡಿದ್ದು ನಾನಮ್ಮ, ಆಯಮ್ಮ ಅಲ್ಲ."

"ಯಾವ ಆಯಮ್ಮ ಸಾರ್?"

ಅದಕ್ಕೆ ಉತ್ತರ ಹೇಳಲು ಅರ್ಧ ಗಂಟೆ ಹಿಡಿಯಿತು. ಕೈ ತೊಳೆದುಕೊಳ್ಳುತ್ತಿದ್ದದ್ದರಿಂದ ಹಿಡಿದು ಬಸ್ ಸ್ಟಾಪಿನವರೆಗೆ ಎಲ್ಲವನ್ನೂ ಹೇಳಿದೆ. ಪಾಪ, ಹುಡುಗಿ ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೆ, "ತಪ್ಪು ನಂದು ಅಂತ ಅವ್ರಿಗೆ ಹೇಳಿದ್ರಾ ಸಾರ್?" ಎಂದು ಕೇಳಿದಳು.

ಇಲ್ಲ ಎಂದೆ.